ಎರಡು ಲೀಟರಿನ ಪರದೇಶ

ಗದಗ

ನಾನು ಗಣಿತ ಕಲಿಸುವ ಶಾಲೆಯ ಸ್ಟಾಫ್ ರೂಮಿನಲ್ಲಿ ಪರದೇಶ ಕಂಡವರು ಇಬ್ಬರಿದ್ದಾರೆ. ಒಬ್ಬರು ಸಿಂಗಾಪುರಕ್ಕೆ ಹೋಗಿ ಬಂದು ಆರು ವರ್ಷವಾದರೂ ‘ಅಲ್ಲಿ ರಸ್ತೆ ಮ್ಯಾಲೆ ಊಟಾ ಮಾಡಬಹುದು ನೋಡ್ರಿ’ ಎನ್ನುವುದನ್ನು ಬಿಟ್ಟಿಲ್ಲ. ಇನ್ನೊಬ್ಬರು ದುಬೈ ನೋಡಿದವರು. ಅವರಿಗೆ ಗದಗಿನ ಬಿಸಿಲು ಈಗ ಬಿಸಿಲೇ ಅಲ್ಲ. ಐವತ್ನಾಲ್ಕು ವರ್ಷ ಕರ್ನಾಟಕದ ಗಡಿ ದಾಟದ ನಾನು ಇಬ್ಬರ ಮಾತಿಗೂ ತಲೆಯಾಡಿಸುತ್ತಾ ಬಂದವಳು. ಹೋದ ಬೇಸಿಗೆ ರಜೆಯಲ್ಲಿ ನಾನೂ ಹೋಗಿ ಬಂದೆ. ಚೆನ್ನೈಗೆ.

ನಗಬೇಡಿ. ಬೋರ್ಡು ಓದಲಾಗದ ಊರು, ಬಸ್ಸು ಎಲ್ಲಿಗೆ ಹೋಗುತ್ತದೆಂದು ಕಂಡಕ್ಟರನ ಮುಖ ನೋಡಿ ಊಹಿಸಬೇಕಾದ ಊರು, ಸ್ವಂತ ಅಕ್ಕನ ಮಗಳೇ ಕನ್ನಡದಲ್ಲಿ ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರ ಕೊಡುವ ಊರು ಪರದೇಶವಲ್ಲದೆ ಮತ್ತೇನು? ಪಾಸ್‌ಪೋರ್ಟ್ ಕೇಳಲಿಲ್ಲ, ಅಷ್ಟೇ.

ನನ್ನನ್ನು ಅಲ್ಲಿಗೆ ಕರೆಸಿದ್ದು ಊರು ನೋಡಲಿಕ್ಕಲ್ಲ, ತೀರ್ಪು ಕೊಡಲಿಕ್ಕೆ. ಅಕ್ಕನ ಮಗಳು ರಂಜನಿ ಫೋನು ಮಾಡಿ, ‘ಚಿತ್ತಿ, ನೀವು ಮ್ಯಾತ್ಸ್ ಟೀಚರ್ ತಾನೆ? ಉಡನೇ ವಾಂಗೊ. ಅಪ್ಪಾವೋಡ ಕಾರ್ ಮ್ಯಾಟರ್’ ಎಂದಳು. ನಮ್ಮಲ್ಲಿ ಮೌಶಿ ಎನ್ನುವುದಕ್ಕೆ ಅವಳು ಚಿತ್ತಿ ಎನ್ನುತ್ತಾಳೆ. ಉಡನೇ ವಾಂಗೊ ಎಂದರೆ ತಕ್ಷಣ ಬನ್ನಿ ಎಂದು ಅವಳ ದನಿಯಲ್ಲೇ ತಿಳಿಯಿತು. ಅಪ್ಪನ ಕಾರಿಗೂ ನನ್ನ ಗಣಿತಕ್ಕೂ ಏನು ಸಂಬಂಧ ಎಂಬುದು ಮಾತ್ರ ತಿಳಿಯಲಿಲ್ಲ. ಹುಬ್ಬಳ್ಳಿಗೆ ಹೋಗಿ ರೈಲು ಹತ್ತಿದೆ.

ಮೈಲಾಪೂರ್, ಶನಿವಾರ

ಭಾವ, ಅಂದರೆ ಅಕ್ಕನ ಗಂಡ, ಮೂವತ್ತೈದು ವರ್ಷ ರೈಲ್ವೆಯಲ್ಲಿ ಗೂಡ್ಸ್ ಗಾಡಿ ಓಡಿಸಿ ನಿವೃತ್ತರಾದವರು. ಸ್ಟೀರಿಂಗೇ ಇಲ್ಲದ ಗಾಡಿಯನ್ನು ಅಷ್ಟು ವರ್ಷ ಓಡಿಸಿದವರು ಎಪ್ಪತ್ತರ ಮೇಲೂ ಮೈಲಾಪೂರಿನ ಸಂದಿಗಳಲ್ಲಿ ಕಾರು ಓಡಿಸುತ್ತಾರೆಂಬುದೇ ಒಂದು ಪವಾಡ. ಕಾರು ಬಿಳಿಯದು, ಹಳೆಯದು. ಅದರ ಪೆಟ್ರೋಲ್ ಮುಳ್ಳು ಐದು ವರ್ಷದಿಂದ ಅರ್ಧಕ್ಕೆ ನಿಂತಿದೆ. ಟ್ಯಾಂಕು ಖಾಲಿಯಿದ್ದರೂ ಅರ್ಧ, ತುಂಬಿದ್ದರೂ ಅರ್ಧ.

ಭಾವ ಅದನ್ನು ರಿಪೇರಿ ಮಾಡಿಸಿಲ್ಲ. ‘ತ್ರೈರಾಶಿ ಬರತದ ಅಂದಮ್ಯಾಲೆ ಮುಳ್ಳು ಯಾಕ ಬೇಕು? ಮೂರು ಗೊತ್ತಿದ್ರ ನಾಲ್ಕನೇದು ತಾನs ಬರತದ’ ಎನ್ನುವುದು ಅವರ ಸಿದ್ಧಾಂತ. ಎಷ್ಟೋ ವರ್ಷದ ಹಿಂದೆ ಹೆದ್ದಾರಿಯಲ್ಲಿ ನಾಲ್ಕು ಲೀಟರಿಗೆ ಅರವತ್ತು ಕಿಲೋಮೀಟರು ಓಡಿತ್ತಂತೆ. ಅಂದಿನಿಂದ ಲೀಟರಿಗೆ ಹದಿನೈದು ಎಂಬುದು ಅವರಿಗೆ ವೇದವಾಕ್ಯ. ಹೋಗಬೇಕಾದ ದೂರವನ್ನು ಹದಿನೈದರಿಂದ ಭಾಗಿಸಿ ಅಷ್ಟೇ ಪೆಟ್ರೋಲು ಹಾಕಿಸುತ್ತಾರೆ, ಒಂದು ತೊಟ್ಟು ಹೆಚ್ಚಿಲ್ಲ. ಹೆಚ್ಚು ಹಾಕಿಸಿದರೆ ಲೆಕ್ಕಕ್ಕೆ ಅವಮಾನವಂತೆ.

ಈ ವರ್ಷ ಕಾರು ಎರಡು ಸಲ ನಡುರಸ್ತೆಯಲ್ಲಿ ನಿಂತಿತು. ಎರಡನೆಯ ಸಲ ಮೇಲ್ಸೇತುವೆಯ ನೆತ್ತಿಯ ಮೇಲೆ, ಮಟಮಟ ಮಧ್ಯಾಹ್ನ, ಹಿಂದಿನ ಸೀಟಿನಲ್ಲಿ ಅಕ್ಕ. ಹಿಂದಿನವರ ಹಾರ್ನು ಕೇಳಿ ಕೇಳಿ ಅಕ್ಕನಿಗೆ ಬಿ.ಪಿ. ಏರಿ ಎರಡು ದಿನ ಮಲಗಿದಳು. ಆಗ ರಂಜನಿ ಅಪ್ಪನಿಗೆ ಹೇಳಿಬಿಟ್ಟಳು: ಇನ್ನು ಕಾರಿನ ಕೀಲಿ ನನ್ನ ಕೈಗೆ. ಭಾವ ಒಪ್ಪಲಿಲ್ಲ. ತಪ್ಪು ರಸ್ತೆಯದು, ಲೆಕ್ಕದ್ದಲ್ಲ ಎಂದರು. ಕೊನೆಗೆ ಇಬ್ಬರೂ ಒಂದು ಪಂಥಕ್ಕೆ ಬಂದರು.

‘ಎರಡು ಲೀಟರ್ ಅಳದು ಹಾಕೋದು. ಇಲ್ಲಿಂದ ಕೋಯಂಬೇಡು ಹನ್ನೆರಡು, ಅಲ್ಲಿಂದ ಸೌಕಾರ್‌ಪೇಟೆ ಹತ್ತು, ಅಲ್ಲಿಂದ ಮನೀಗೆ ಎಂಟು. ಒಟ್ಟು ಮೂವತ್ತು’ ಎಂದು ಭಾವ ನನಗೆ ವಿವರಿಸಿದರು. ‘ನಾಲ್ಕಕ್ಕ ಅರವತ್ತಾದ್ರ ಎರಡಕ್ಕ ಎಷ್ಟು? ಇಂದೂ, ನೀನs ಹೇಳು.’

‘ಮೂವತ್ತು, ಭಾವಾ’ ಎಂದೆ. ಏಳನೆಯ ತರಗತಿಯ ಲೆಕ್ಕ. ಬೇರೆ ಉತ್ತರ ಕೊಡಲು ಬಾಯಿ ಬರಲಿಲ್ಲ.

‘ಕೇಳಿದಿ?’ ಎಂದು ಅವರು ಮಗಳತ್ತ ತಿರುಗಿದರು.

‘ಪೇಪರ್‌ಲ ಓಕೆ’ ಎಂದಳು ರಂಜನಿ. ‘ಆದ್ರೆ ಕಾರ್ ನಿನ್ನಾ, ಸಾವಿ ಎನಕ್ಕು. ಚಿತ್ತಿ ದಾನ್ ಜಡ್ಜ್.’ ಕಾರು ನಿಂತರೆ ಕೀಲಿ ನನಗೆ, ಚಿತ್ತಿಯೇ ನ್ಯಾಯಾಧೀಶೆ. ಈ ಮನೆಯಲ್ಲಿ ಸಾವಿ ಎಂದರೆ ಕೀಲಿ. ಮೊದಲ ಸಲ ಕೇಳಿದಾಗ ನನಗೆ ಎದೆ ಧಸಕ್ಕೆಂದಿತ್ತು.

ಸಂಜೆ ಮೂಲೆಯಂಗಡಿಯ ಮೆಕ್ಯಾನಿಕ್ ಸೆಲ್ವಂ ಬಂದು ರಬ್ಬರ್ ಕೊಳವೆ ಹಾಕಿ ಟ್ಯಾಂಕು ಬರಿದು ಮಾಡಿದ. ಆರು ಲೀಟರ್ ಹೊರಬಂತು. ಕಪ್ಪು ಕ್ಯಾನಿಗೆ ತುಂಬಿದೆವು. ಅಕ್ಕನ ಅಡುಗೆಮನೆಯ ಗೆರೆ ಹಾಕಿದ ಒಂದು ಲೀಟರಿನ ಜಗ್ಗಿನಲ್ಲಿ ನಾನು ಎರಡು ಲೀಟರ್ ಅಳೆದು ಎಲ್ಲರೆದುರು ಟ್ಯಾಂಕಿಗೆ ಹಾಕಿದೆ. ಉಳಿದ ನಾಲ್ಕು ಲೀಟರ್ ಕ್ಯಾನಿನಲ್ಲೇ, ಕಾರಿನ ಪಕ್ಕದಲ್ಲೇ ಇತ್ತು. ಮೂವತ್ತೊಂದು ವರ್ಷ ಪರೀಕ್ಷೆ ನಡೆಸಿದ ನಾನು ಉತ್ತರಪುಸ್ತಕದ ಪಕ್ಕದಲ್ಲಿ ಗೈಡು ಬಿಟ್ಟು ಹೋದಂತೆ ಅದನ್ನು ಅಲ್ಲಿ ಬಿಟ್ಟು ಹೋದೆ.

ಊಟಕ್ಕೆ ಮುಂಚೆ ಭಾವ ವರಾಂಡದಲ್ಲಿ ಕೀಲಿಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಕೂತಿದ್ದರು. ‘ಮೂವತ್ತೈದು ವರ್ಷ ಎಂಜಿನ್ನಾಗ ಕೂತಾಂವ ನಾ’ ಎಂದರು ಮೆಲ್ಲಗೆ. ‘ಇದು ಹೋತಂದ್ರ ಬರೇ ಪ್ಯಾಸೆಂಜರ್ ನೋಡು. ಯಾರರೆ ಕರಕೊಂಡು ಹೋದಲ್ಲಿ ಹೋಗೋದು.’ ಅವರು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಮೈಲಾಪೂರ್, ಭಾನುವಾರ ಬೆಳಿಗ್ಗೆ

ಮೈಲಾಪೂರಿನ ಬೆಳಗು ಚೆಂದ. ಬಾಗಿಲ ಮುಂದೆ ನೀರು ಚಿಮುಕಿಸಿ ಎಳೆ ಎಳೆಯಾಗಿ ಕೋಲ ಹಾಕುತ್ತಾರೆ. ನಮ್ಮ ಗದಗಿನ ರಂಗೋಲಿಯನ್ನು ದಾಟಿ ಹೋಗಬಹುದು, ಇವರ ಕೋಲವನ್ನು ಸುತ್ತಿ ಹೋಗಬೇಕು. ಅಷ್ಟು ದೊಡ್ಡದು. ಕಾಫಿಯನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಒಂದು ಮೊಳ ಎತ್ತರದಿಂದ ಸುರಿಯುತ್ತಾರೆ. ಒಂದು ಹನಿಯೂ ಚೆಲ್ಲುವುದಿಲ್ಲ. ಇಂಥ ಕೈಗಳಿರುವ ಊರಿನಲ್ಲಿ ನನ್ನ ಕೈ ಸುರಿದದ್ದು ಪೆಟ್ರೋಲು.

ಹೌದು, ಸುರಿದೆ. ಮುಚ್ಚಿಡುವುದೇಕೆ? ಭಾವ ಸ್ನಾನಕ್ಕೆ ಹೋದ ಹೊತ್ತಿಗೆ, ಹೂವು ತರುತ್ತೇನೆಂದು ಹೊರಗೆ ಬಂದು ಕ್ಯಾನೆತ್ತಿ ಒಂದು ಲೀಟರ್ ಅಳೆದು ಟ್ಯಾಂಕಿಗೆ ಹಾಕಿಬಿಟ್ಟೆ. ಪರೀಕ್ಷೆಯಲ್ಲಿ ಚೀಟಿ ತಂದವರನ್ನು ಕಿವಿ ಹಿಡಿದು ಎಬ್ಬಿಸಿದವಳು ನಾನು. ಬೇಲಿಯೇ ಎದ್ದು ಹೊಲ ಮೇಯ್ದಿತು. ನಾಚಿಕೆಯಾಯಿತು, ಆದರೆ ವಾಪಸು ತೆಗೆಯಲು ಕೊಳವೆ ಇರಲಿಲ್ಲ. ಕ್ಯಾನು ಕೆಳಗಿಡುವಾಗ, ನಾಲ್ಕರಲ್ಲಿ ಒಂದು ಹೋಗಿ ಮೂರು ಉಳಿದದ್ದು ಇಷ್ಟು ಹಗುರವೇ ಎನಿಸಿತು. ಪೆಟ್ರೋಲು ನೀರಿಗಿಂತ ಹಗುರ ಎಂದು ಸಮಾಧಾನ ಮಾಡಿಕೊಂಡೆ.

ಹೊರಟೆವು. ಭಾವ ಸ್ಟೀರಿಂಗಿಗೆ, ನಾನು ಪಕ್ಕದಲ್ಲಿ ಪೆನ್ಸಿಲು ಹಿಡಿದು, ಹಿಂದೆ ಅಕ್ಕ ಮತ್ತು ರಂಜನಿ. ಎ.ಸಿ. ಹಾಕುವಂತಿಲ್ಲ, ಅದು ಪೆಟ್ರೋಲು ಕುಡಿಯುತ್ತದೆ. ಕಿಟಕಿ ಪೂರ್ತಿ ಇಳಿಸುವಂತಿಲ್ಲ, ಗಾಳಿ ತಡೆಯುತ್ತದೆ. ಅಕ್ಕ ತಂದ ಎರಡು ನೀರಿನ ಬಾಟಲಿಗಳಲ್ಲಿ ಒಂದನ್ನು ಭಾರ ಎಂದು ಇಳಿಸಿದರು. ಇಳಿಸಿದ್ದನ್ನು ಅಲ್ಲೇ ನಿಂತು ತಾವೇ ಕುಡಿದು ಮುಗಿಸಿ ಕಾರು ಹತ್ತಿದರು. ಆ ಭಾರ ಎಲ್ಲಿಗೆ ಹೋಯಿತೆಂದು ನಾನು ಕೇಳಲಿಲ್ಲ.

ಮೊದಲ ಸಿಗ್ನಲ್ ದೂರದಲ್ಲಿ ಕಂಡಿತು. ಭಾವ ಬಲಗೈ ಚಾಚಿ ಬೆರಳು ತೋರಿಸಿ ‘ಹಸಿರs!’ ಎಂದು ಕೂಗಿದರು. ಹಿಂದಿನಿಂದ ಅಕ್ಕ, ಪಲ್ಯಕ್ಕೆ ಉಪ್ಪು ಬಿತ್ತೇ ಎಂದು ಯೋಚಿಸುವ ಮುಖದಲ್ಲೇ, ‘ಹಸಿರs’ ಎಂದಳು.

ನಾನು ಬೆಚ್ಚಿದೆ. ಭಾವ ತಿಳಿಸಿ ಹೇಳಿದರು. ರೈಲಿನ ಎಂಜಿನ್ನಿನಲ್ಲಿ ಇಬ್ಬರಿರುತ್ತಾರೆ. ಒಬ್ಬ ಸಿಗ್ನಲಿನ ಬಣ್ಣವನ್ನು ಗಟ್ಟಿಯಾಗಿ ಕೂಗಬೇಕು, ಇನ್ನೊಬ್ಬ ಅದನ್ನೇ ನೋಡಿ ಮರಳಿ ಕೂಗಬೇಕು. ಒಬ್ಬನ ಕಣ್ಣು ತಪ್ಪಿದರೆ ಇನ್ನೊಬ್ಬನದು ಕಾಯಲಿ ಎಂದು. ನಿವೃತ್ತರಾದ ಮೇಲೂ ಅಭ್ಯಾಸ ಹೋಗಲಿಲ್ಲ. ಇಂಗ್ಲಿಷಿನಲ್ಲಿ ಕೂಗುತ್ತಿದ್ದದ್ದು ಅಕ್ಕನ ಸಲುವಾಗಿ ಕನ್ನಡಕ್ಕೆ ಬಂತು. ‘ಇಕಿಗೂ ಅನ್ನು ಅಂತೀನಿ, ಒಂದ ಸಲಾನೂ ಅನ್ನಂಗಿಲ್ಲ’ ಎಂದು ಮಗಳ ಮೇಲೆ ದೂರಿದರು. ರಂಜನಿ ಕಿಟಕಿಯಾಚೆ ನೋಡುತ್ತಾ, ‘ಎಲ್ಲಾರುಂ ಪಾಕ್ಕರಾಂಗ, ಅಪ್ಪಾ’ ಎಂದಳು. ಎಲ್ಲರೂ ನೋಡುತ್ತಾರೆ ಎಂದು. ನಿಜಕ್ಕೂ ಪಕ್ಕದ ಆಟೋದವನು ನೋಡುತ್ತಿದ್ದ. ಮುಂದಿನ ಸಿಗ್ನಲಿನಲ್ಲಿ ಅವನೂ ಏನೋ ಕೂಗಿದ.

ಕೋಯಂಬೇಡು

ಮೆಟ್ರೋ ಕೆಲಸಕ್ಕೆ ಒಂದು ರಸ್ತೆ ಅಗೆದಿದ್ದರು. ಬೇರೆ ದಾರಿ ಕೇಳಿದೆವು. ಚೆನ್ನೈಯವರ ಒಂದು ಗುಣ ನನಗೆ ಬಹಳ ಹಿಡಿಸಿತು. ಎಲ್ಲಿಗೆ ಎಷ್ಟು ದೂರ ಎಂದು ಕೇಳಿದರೂ ‘ಪತ್ತು ನಿಮಿಷಂ’ ಎನ್ನುತ್ತಾರೆ. ಎದುರಿನ ಕಟ್ಟಡವೂ ಹತ್ತು ನಿಮಿಷ, ಊರಾಚೆಯೂ ಹತ್ತು ನಿಮಿಷ. ನಮ್ಮ ಕಡೆ ‘ಇಲ್ಲೇ ಕೂಗಳತಿ’ ಎಂದು ನಾಲ್ಕು ಮೈಲಿ ನಡೆಸುವುದಿಲ್ಲವೇ, ಹಾಗೆ. ಭಾವನಿಗೆ ಮಾತ್ರ ಕೋಪ ಬಂತು. ‘ನಿಮಿಷಕ್ಕ ಪೆಟ್ರೋಲ್ ಹೆಂಗ ಅಳೀಲಿ? ಕಿಲೋಮೀಟರ್ ಹೇಳೋ ಮಾರಾಯ!’ ಎಂದು ಒಬ್ಬ ಎಳನೀರಿನವನ ಮೇಲೆ ರೇಗಿದರು. ಅವನು ಪಾಪ, ಕನ್ನಡ ಬಾರದೆ, ನಾಲ್ಕು ಎಳನೀರು ಕೆತ್ತಲು ಶುರು ಮಾಡಿದ.

ಮಾರುಕಟ್ಟೆ ಒಂದು ರಾಜ್ಯದಷ್ಟಿದೆ. ಈರುಳ್ಳಿಯದೇ ಒಂದು ತಾಲೂಕು. ತಲೆಯ ಮೇಲೆ ಮೂಟೆ ಹೊತ್ತವರು ನಮ್ಮನ್ನು ದಾಟುವುದಲ್ಲ, ನಾವು ಅವರಿಂದ ಪಾರಾಗಬೇಕು. ಗದಗಿನ ಸಂತೆಯಲ್ಲಿ ಕಾಲು ಕಿಲೋ ಬೆಂಡಿಕಾಯಿಗೆ ಹತ್ತು ನಿಮಿಷ ಮಾತಾಡುವ ನಾನು ಇಲ್ಲಿ ಕಾಲು ಕಿಲೋ ಎಂದಾಗ ಅಂಗಡಿಯವಳು ನನ್ನನ್ನು ಆರೋಗ್ಯ ಸರಿಯಿಲ್ಲದವರನ್ನು ನೋಡುವಂತೆ ನೋಡಿದಳು. ಅಕ್ಕ ಹಿಂದುಮುಂದು ನೋಡದೆ ಒಂದು ಬೂದಗುಂಬಳ ಆರಿಸಿದಳು. ಕೂಸಿನಷ್ಟು ದೊಡ್ಡದು.

‘ಎಷ್ಟು ತೂಕ ಅದ?’ ಎಂದರು ಭಾವ.

‘ಎಂಟು ಕೆ.ಜಿ. ಅಂತ್ರಿ.’

‘ಎಂಟು! ಇದು ಲೆಕ್ಕದಾಗ ಇರಲಿಲ್ಲ. ಬಿಟ್ಟು ಬಾ.’

‘ನನ್ನ ಬಿಟ್ಟು ಹೋಗ್ರಿ ಹಂಗಾರ’ ಎಂದಳು ಅಕ್ಕ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವಳು ಕಲಿತ ತ್ರೈರಾಶಿ ಅದೊಂದೇ. ಕುಂಬಳಕಾಯಿ ಬಂತು. ರಂಜನಿ ಅದಕ್ಕೆ ಸೀಟ್ ಬೆಲ್ಟ್ ಹಾಕಿದಳು.

ಮೀಟರ್ ನೋಡಿದೆ. ಸುತ್ತುದಾರಿಯಿಂದಾಗಿ ಹದಿಮೂರು ಕಿಲೋಮೀಟರ್. ಕಾರು ಒಂದೇ ಸಲಕ್ಕೆ ಚಾಲೂ ಆಯಿತು. ಭಾವನ ಮುಖ ಅರಳಿತು. ವಿಚಿತ್ರವೆಂದರೆ ಹಿಂದೆ ಕೂತ ಅಮ್ಮ ಮಗಳಿಬ್ಬರೂ ನಿರಾಳವಾಗಿದ್ದರು. ಕೀಲಿ ಬೇಕೆಂದು ಹಟ ಹಿಡಿದ ಹುಡುಗಿ ಕಾರು ನಿಲ್ಲುತ್ತದೋ ಇಲ್ಲವೋ ಎಂದು ಒಮ್ಮೆಯೂ ಮುಂದಕ್ಕೆ ಬಗ್ಗಿ ನೋಡಲಿಲ್ಲ. ನನಗದು ಆಗ ಹೊಳೆಯಲಿಲ್ಲ.

ಸೌಕಾರ್‌ಪೇಟೆ

ಇಲ್ಲಿ ಅಕ್ಕನ ಮೂಗುಬೊಟ್ಟಿನ ತಿರುಪು ರಿಪೇರಿಗೆ ಕೊಟ್ಟಿತ್ತು. ಆ ಗಲ್ಲಿಗೆ ಕಾರು ತರಬಾರದು ಎಂಬುದು ಚೆನ್ನೈಯ ಮಕ್ಕಳಿಗೂ ಗೊತ್ತು. ಆದರೆ ನಡೆದುಕೊಂಡು ಹೋದರೆ ಮೂವತ್ತು ಕಿಲೋಮೀಟರಿಗೆ ಕೊರತೆ ಬೀಳುತ್ತದಲ್ಲ! ಭಾವ ನುಗ್ಗಿಸಿದರು. ಮುಂದೆ ಬಟ್ಟೆಯ ಬೇಲು ಹೊತ್ತ ಕೈಗಾಡಿ, ಹಿಂದೆ ಇನ್ನೊಂದು ಕೈಗಾಡಿ, ಬಲಕ್ಕೆ ಬಳೆ ಅಂಗಡಿ, ಎಡಕ್ಕೆ ಬಿಸಿ ಜಿಲೇಬಿ. ಕಾರು ಮುಕ್ಕಾಲು ಗಂಟೆಯಲ್ಲಿ ಹತ್ತು ಮಾರು ಸರಿಯಿತು. ಪ್ರತಿ ಮಾರಿಗೂ ಭಾವ ಎಂಜಿನ್ ಆರಿಸಿ ಮತ್ತೆ ಚಾಲೂ ಮಾಡುತ್ತಿದ್ದರು. ಜಿಲೇಬಿಯವನು ಬೇಸತ್ತು ಕಿಟಕಿಯಿಂದಲೇ ನಮಗೆ ನಾಲ್ಕು ಕೊಟ್ಟ. ಭಾವ ತಮ್ಮದನ್ನು ಸ್ಟೀರಿಂಗಿನ ಮೇಲಿಟ್ಟುಕೊಂಡು ತಿಂದರು. ಆಮೇಲೆ ಹಾರ್ನು ಒತ್ತಿದಾಗಲೆಲ್ಲ ಕೈ ಅಂಟಿಕೊಂಡು ಹಾರ್ನು ಉದ್ದವಾಗಿ ಮೊಳಗುತ್ತಿತ್ತು.

ನಮ್ಮ ಪಠ್ಯಪುಸ್ತಕದ ಲೆಕ್ಕಗಳನ್ನು ನೆನೆದೆ. ‘ಒಂದು ಕಾರು ನಾಲ್ಕು ಲೀಟರಿನಲ್ಲಿ ಅರವತ್ತು ಕಿಲೋಮೀಟರ್ ಚಲಿಸಿದರೆ.’ ಆ ಕಾರಿನಲ್ಲಿ ಯಾರೂ ಕೂತಿರುವುದಿಲ್ಲ. ಆ ರಸ್ತೆಯಲ್ಲಿ ಕೈಗಾಡಿ ಇರುವುದಿಲ್ಲ, ಕುಂಬಳಕಾಯಿ ಹತ್ತುವುದಿಲ್ಲ, ಯಾರೂ ಮುದುಕರಾಗುವುದಿಲ್ಲ, ಕಾರೂ ಆಗುವುದಿಲ್ಲ. ಮೂವತ್ತೊಂದು ವರ್ಷ ಆ ಖಾಲಿ ರಸ್ತೆಯಲ್ಲೇ ಮಕ್ಕಳನ್ನು ಓಡಿಸಿದ್ದೇನೆ ಎಂದು ಮನಸ್ಸಿಗೆ ಪಿಚ್ಚೆನಿಸಿತು.

ಮತ್ತೆ ಮೈಲಾಪೂರ್

ಮನೆಯ ಮುಂದೆ ಕಾರು ನಿಂತಿತು. ತಾನಾಗಿ ಅಲ್ಲ, ಭಾವ ಬ್ರೇಕು ಹಾಕಿದ್ದಕ್ಕೆ. ಮೀಟರಿನಲ್ಲಿ ಒಟ್ಟು ಮೂವತ್ತೆರಡು. ಪಂಥಕ್ಕಿಂತ ಎರಡು ಹೆಚ್ಚು. ಭಾವ ಇಳಿದು ಕಾರಿನ ಬಾನೆಟ್ಟನ್ನು ಕುದುರೆಯ ಕುತ್ತಿಗೆ ತಟ್ಟುವಂತೆ ತಟ್ಟಿದರು.

ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು. ಆದರೆ ಗೆದ್ದವರಿಗೆ ಸಾಕ್ಷಿ ಬೇಕು. ‘ಸೆಲ್ವಂನ ಕರೀರಿ. ಒಳಗ ಇನ್ನೂ ಎಷ್ಟು ತೊಟ್ಟು ಉಳದಾವ ನೋಡೂಣು’ ಎಂದರು. ಅಕ್ಕ ‘ಊಟಾ ಆರತದ’ ಎಂದಳು. ರಂಜನಿ ‘ವೇಂಡಾಂ ಅಪ್ಪಾ, ನೀಂಗ ವಿನ್’ ಎಂದಳು, ಬೇಡ, ನೀವೇ ಗೆದ್ದಿರಿ ಎಂದು. ನಾನು ‘ಬ್ಯಾಡ್ರಿ ಭಾವಾ, ಬಿಸಿಲದ’ ಎಂದೆ. ಮೂವರೂ ಒಟ್ಟಿಗೆ ಮಾತಾಡಿದೆವು. ಭಾವ ಕೇಳಲಿಲ್ಲ.

ಸೆಲ್ವಂ ಕೊಳವೆ ಹಾಕಿದ. ಜಗ್ಗು ಒಂದು ಸಲ ತುಂಬಿತು. ಎರಡನೆಯ ಸಲ ತುಂಬಿತು. ಮೂರನೆಯ ಸಲ ಮುನ್ನೂರು ಮಿಲಿಯ ಗೆರೆಗೆ ಬಂದು ನಿಂತಿತು.

ಎರಡು ಲೀಟರ್ ಹಾಕಿ ಮೂವತ್ತೆರಡು ಕಿಲೋಮೀಟರ್ ಓಡಿಸಿದ ಕಾರಿನಿಂದ ಎರಡು ಲೀಟರ್ ಮುನ್ನೂರು ಮಿಲಿ ಪೆಟ್ರೋಲು ಹೊರಬಂದಿತ್ತು.

ಸೆಲ್ವಂ ಕಾರಿಗೆ ಕೈಮುಗಿದ. ‘ಸಾರ್, ಇನ್ನುಂ ಕೊಂಚಂ ಓಟ್ಟುಂಗೊ’ ಎಂದ. ಇನ್ನೂ ಸ್ವಲ್ಪ ಓಡಿಸಿದರೆ ಟ್ಯಾಂಕು ತುಂಬೀತು ಎಂಬುದು ಅವನ ಲೆಕ್ಕ.

ಭಾವ ಜಗ್ಗನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಗೆರೆ ನೋಡಿದರು. ಆಮೇಲೆ ಕಪ್ಪು ಕ್ಯಾನನ್ನು ಎತ್ತಿ ಅಲ್ಲಾಡಿಸಿದರು. ತಳದಲ್ಲಿ ಅರ್ಧ ಲೀಟರ್ ಮಾತ್ರ ಗುಳುಗುಳು ಎಂದಿತು.

‘ಇಂದೂ, ನೀ ಜಡ್ಜ್. ಹೇಳು’ ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ಕುಂಬಳಕಾಯಿ ಹಿಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿಕೊಂಡು ಕೂತಿತ್ತು. ನಾನು ಹೆಗಲು ಮುಟ್ಟಿಕೊಂಡೆ. ‘ಒಂದು ಲೀಟರ್ ನಾ ಹಾಕೀನ್ರಿ’ ಎಂದೆ.

ಅಕ್ಕ ಸೆರಗಿನ ತುದಿ ತಿರುಚುತ್ತಾ, ‘ನಾನೂ ಒಂದು. ಕೋಲ ಹಾಕಲಿಕ್ಕೆ ಎದ್ದಾಗ’ ಎಂದಳು.

ರಂಜನಿ ಕಣ್ಣು ಒರೆಸಿಕೊಂಡಳು. ‘ನಾನುಂ ಒರು ಲೀಟರ್’ ಎಂದಳು. ಆಮೇಲೆ ಕನ್ನಡದಲ್ಲಿ, ಒಂದೊಂದೇ ಪದ ಹುಡುಕಿ ಹುಡುಕಿ, ‘ನೀವು ರೋಡಲ್ಲಿ ಇಳದು ಕಾರು ತಳ್ಳೋದು… ನಂಗೆ ನೋಡಕ್ಕೆ ಆಗಲ್ಲ ಅಪ್ಪಾ’ ಎಂದಳು.

ಮೂರು ಲೀಟರ್ ಆಯಿತು. ಆದರೆ ನಾಲ್ಕಿದ್ದ ಕ್ಯಾನಿನಲ್ಲಿ ಅರ್ಧ ಉಳಿದಿದೆ ಎಂದರೆ ಹೋದದ್ದು ಮೂರೂವರೆ. ಇನ್ನರ್ಧ ಎಲ್ಲಿ? ಸೆಲ್ವಂ ಎರಡೂ ಕೈ ಆಡಿಸಿ ತಾನಲ್ಲ ಎಂದ. ಎಲ್ಲರೂ ಮೆಲ್ಲಗೆ ಭಾವನ ಕಡೆ ತಿರುಗಿದೆವು.

‘ನಾ ಬರೇ ಅರ್ಧ’ ಎಂದರು ಭಾವ, ನೆಲ ನೋಡುತ್ತಾ. ‘ಲೆಕ್ಕದ ಮ್ಯಾಲೆ ನಂಬಿಕಿ ಇತ್ತು. ನನ್ನ ಮ್ಯಾಲೆ ಇರಲಿಲ್ಲ.’

ಸೆಲ್ವಂ ಕೊಳವೆ ಸುತ್ತುವುದನ್ನು ನಿಲ್ಲಿಸಿದ. ನಾನು ನೆಲದ ಮೇಲೆ ಕೂತು, ಅಕ್ಕನ ಕೋಲದ ಪಕ್ಕದಲ್ಲೇ, ಬಿದ್ದಿದ್ದ ಸೀಮೆಸುಣ್ಣದ ಚೂರಿನಿಂದ ಬರೆದೆ. ಎಲ್ಲರೆದುರು ಹಾಕಿದ್ದು ಎರಡು, ಕದ್ದು ಹಾಕಿದ್ದು ಮೂರೂವರೆ, ಒಟ್ಟು ಐದೂವರೆ. ಉಳಿದದ್ದು ಎರಡು ಮುನ್ನೂರು. ಖರ್ಚಾದದ್ದು ಮೂರು ಲೀಟರ್ ಇನ್ನೂರು ಮಿಲಿ. ಓಡಿದ್ದು ಮೂವತ್ತೆರಡು. ಲೀಟರಿಗೆ ಹತ್ತು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ನನ್ನ ಜೀವಮಾನದಲ್ಲಿ ಇಷ್ಟು ಸ್ವಚ್ಛವಾಗಿ ಹೊಂದಿಕೊಂಡ ಲೆಕ್ಕ ಇನ್ನೊಂದಿಲ್ಲ. ನಾಲ್ವರು ಕಳ್ಳರೂ ಬಾಯಿಬಿಟ್ಟ ಮೇಲಷ್ಟೇ ಅದು ಹೊಂದಿತು.

‘ಹಂಗಾದ್ರ ಎರಡು ಲೀಟರಿಗೆ ಇಪ್ಪತ್ತು’ ಎಂದರು ಭಾವ, ತಾವೇ. ‘ಸೌಕಾರ್‌ಪೇಟೆ ಮುಟ್ಟೂದರಾಗ ನಿಂತಿರತಿತ್ತು. ಇಕಿ ಮತ್ತ ಬಿಸಲಾಗ.’ ಅಕ್ಕನನ್ನು ನೋಡಿದರು. ಬೆರಳಿನಿಂದ ಕೀಲಿ ಬಿಡಿಸಿ, ರಂಜನಿ ಕೇಳುವ ಮೊದಲೇ, ಅವಳ ಅಂಗೈಯಲ್ಲಿಟ್ಟರು. ನಾನು ತೀರ್ಪು ಕೊಡುವ ಪ್ರಸಂಗವೇ ಬರಲಿಲ್ಲ.

ಸ್ಟೇಷನ್ನಿಗೆ

ಮರುದಿನ ನನ್ನನ್ನು ರೈಲಿಗೆ ಬಿಡಲು ಎಲ್ಲರೂ ಹೊರಟರು. ರಂಜನಿ ಸ್ಟೀರಿಂಗಿಗೆ ಕೂತಳು. ಭಾವ ಅಭ್ಯಾಸಬಲದಿಂದ ಬಲಗಡೆಯ ಬಾಗಿಲಿಗೆ ಹೋಗಿ, ಅಲ್ಲಿ ಮಗಳನ್ನು ಕಂಡು, ಒಂದು ಕ್ಷಣ ನಿಂತು, ಕಾರನ್ನು ಸುತ್ತಿ ಬಂದು ಎಡಗಡೆಯ ಸೀಟಿನಲ್ಲಿ ಕೂತರು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡರು. ನಾನು ಬಂದು ಮಾಡಿದ್ದೇನು, ಒಬ್ಬ ಡ್ರೈವರನನ್ನು ಪ್ಯಾಸೆಂಜರ್ ಮಾಡಿದ್ದಷ್ಟೇ ಅಲ್ಲವೇ ಎನಿಸಿತು. ಪೆಟ್ರೋಲ್ ಬಂಕಿನಲ್ಲಿ ರಂಜನಿ ಟ್ಯಾಂಕು ತುಂಬಿಸಿದಳು. ಮುಳ್ಳು ಅರ್ಧದಲ್ಲೇ ಇತ್ತು.

ದೂರದಲ್ಲಿ ಸಿಗ್ನಲ್ ಕಂಡಿತು. ಭಾವನ ಕೈ ತೊಡೆಯಿಂದ ತಾನಾಗಿ ಎದ್ದಿತು. ಅರ್ಧಕ್ಕೆ ನಿಂತಿತು. ಕೂಗು ಬಾಯಿಯಲ್ಲೇ ಉಳಿಯಿತು. ಅಕ್ಕ ಹಿಂದಿನಿಂದ ಅವರ ಹೆಗಲ ಮೇಲೆ ಕೈ ಇಟ್ಟಳು.

ರಂಜನಿ ರಸ್ತೆಯಿಂದ ಕಣ್ಣು ತೆಗೆಯದೆ, ‘ಸಿಗ್ನಲ್ ಏನು?’ ಎಂದು ಕೇಳಿದಳು. ‘ನಾ ಒಬ್ಬಳೇ ಹೆಂಗೆ ನೋಡ್ಲಿ? ಎಂಜಿನ್‌ನಲ್ಲಿ ಇಬ್ಬರು ಇರ್ತಾರೆ ತಾನೆ?’

ಭಾವ ನೆಟ್ಟಗೆ ಕೂತರು. ಕೈ ಪೂರ್ತಿ ಚಾಚಿ, ಪಕ್ಕದ ಬಸ್ಸಿನವರೆಲ್ಲ ಬಗ್ಗಿ ನೋಡುವಂತೆ, ‘ಕೆಂಪs!’ ಎಂದು ಕೂಗಿದರು.

‘ಕೆಂಪು, ಅಪ್ಪಾ’ ಎಂದು ರಂಜನಿ ಅಷ್ಟೇ ಗಟ್ಟಿಯಾಗಿ ಕೂಗಿ ಕಾರು ನಿಲ್ಲಿಸಿದಳು.

ರೈಲ್ವೆಯ ನಿಯಮದಲ್ಲಿ ಮರುಕೂಗುವಾಗ ಬಣ್ಣದ ಹೆಸರಿಗೆ ಬೇರೆ ಯಾವ ಮಾತನ್ನೂ ಸೇರಿಸುವಂತಿಲ್ಲವಂತೆ. ಭಾವ ಅವಳನ್ನು ತಿದ್ದಲಿಲ್ಲ.